ಹಗ್ಗ ಹಿಡಿದವನ ಮಾತು ನಡೆಯಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಒಬ್ಬರು, ನಮ್ಮವರನ್ನು ನಮ್ಮದೇ ರಾಕೆಟ್‌ನಲ್ಲಿ ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನ ಯೋಜನೆ ತಡವಾಗುತ್ತಿರುವ ಬಗ್ಗೆ ಬೇಸರದಿಂದ ಬರೆದಿದ್ದರು. 2018ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಪ್ರಧಾನಿಯವರು ಹೇಳಿದ್ದು 2022ರ ಗಡುವು. ಅದು ದಾಟಿ ವರ್ಷಗಳಾದವು. ಹೋಗುವವರು ಅಪಾಯ ಗೊತ್ತಿದ್ದೇ ಹೋಗುತ್ತಾರೆ, ಗಡಿಯಲ್ಲಿ ಸೈನಿಕರು ನಿಲ್ಲುವುದಿಲ್ವಾ, ಹೀಗೆ ಪರೀಕ್ಷೆ ಮೇಲೆ ಪರೀಕ್ಷೆ ಮಾಡುತ್ತಾ ಕೂತರೆ ಆಗುತ್ತಾ ಎಂದು ಅವರು ಕೇಳಿದ್ದರು. ಬೆಳಗ್ಗೆ ಮಹಾರಾಜ ಪಾರ್ಕಿಗೆ ವಾಕಿಂಗ್ ಬರುವ ನಮ್ಮ ಗುಂಪಿನಲ್ಲಿ ಆ ಪತ್ರದ ಮೇಲೆ ಎರಡು ದಿನ ಜೋರು ಚರ್ಚೆ ನಡೆಯಿತು. ಅರ್ಧ ಜನ ಅವರ ಪರ. ಇನ್ನು ಕೆಲವರು ಮನುಷ್ಯರನ್ನು ಕಳಿಸುವುದೇ ಬೇಡ, ರೋಬೊ ಸಾಕು ಎಂದರು. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಕತ್ತರಿಸದೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಾನು ವಿಜ್ಞಾನಿ ಅಲ್ಲ. ಅಗ್ನಿಶಾಮಕ ದಳದಲ್ಲಿ 30 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹಾಸನ, ಸಕಲೇಶಪುರ, ಅರಸೀಕೆರೆ ಠಾಣೆಗಳಲ್ಲಿ ಇದ್ದೆ. ಬೆಂಕಿ ಆರಿಸುವುದು ನಮ್ಮ ಕೆಲಸ ಅಂತ ಜನ ತಿಳಿದಿರುತ್ತಾರೆ, ಆದರೆ ಮಲೆನಾಡಿನ ಕಡೆ ನಮಗೆ ಬರುತ್ತಿದ್ದ ಕರೆಗಳಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವ ಕೆಲಸವೂ ಬೇಕಾದಷ್ಟಿತ್ತು. ಬಾವಿ, ಹೊಳೆ, ಶಿರಾಡಿ ಘಾಟಿಯಲ್ಲಿ ಉರುಳಿದ ಲಾರಿ, ಕಾಫಿ ತೋಟದ ಗುಂಡಿ. ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ನೋಡುತ್ತಾ ಓಡಾಡಿದ ಊರಿನವನಾದ್ದರಿಂದ ಬಾಹ್ಯಾಕಾಶದ ಸುದ್ದಿ ಬಂದರೆ ಬಿಡದೆ ಓದುತ್ತೇನೆ. ರಾಕೆಟ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಒಳಗಿದ್ದವರು ಹೊರಗೆ ಬರುವುದು ಹೇಗೆ ಅನ್ನುವ ಕಡೆಗೇ ನನ್ನ ಗಮನ ಹೋಗುತ್ತದೆ.

ಒಂದು ಸಂಗತಿ ಹೇಳುತ್ತೇನೆ. ನಾನು ಸಕಲೇಶಪುರದಲ್ಲಿದ್ದಾಗ ಒಂದು ಬೇಸಿಗೆ. ತೋಟದ ಹಳೇ ಬಾವಿಯ ಹೂಳು ತೆಗೆಯಲು ಒಬ್ಬ ಇಳಿದ, ಮೇಲೆ ಬರಲಿಲ್ಲ. ಏನಾಯಿತು ಅಂತ ನೋಡಲು ಅವನ ತಮ್ಮ ಇಳಿದ, ಅವನೂ ಬರಲಿಲ್ಲ. ಇನ್ನೊಬ್ಬ ಇಳಿಯಲು ಪಂಚೆ ಎತ್ತಿ ಕಟ್ಟುತ್ತಿರುವಾಗ ನಮ್ಮ ವಾಹನ ತಲುಪಿತು. ಲಾಟೀನು ಹಚ್ಚಿ ಇಳಿಬಿಟ್ಟೆವು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಬಿಎ ಸೆಟ್, ಅಂದರೆ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರು ಮತ್ತು ಮುಖವಾಡ, ಅದನ್ನು ಹಾಕಿಕೊಂಡು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಾನು ಇಳಿದೆ. ಮೇಲೆ ಹಗ್ಗ ಹಿಡಿದು ನನ್ನ ಸನ್ನೆ ನೋಡುತ್ತಿದ್ದವನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗ. ಸನ್ನೆ ತಪ್ಪಿದ್ದು ಅವನಿಗೆ ಗೊತ್ತಾಯಿತು. ಎಳೀರಿ ಅಂದ. ಇನ್ನೇನು ತಳ ಮುಟ್ಟುತ್ತಾನೆ, ಒಂದು ನಿಮಿಷ ತಡಿ ಅಂತ ಹಿರಿಯರು ಗದರಿದರಂತೆ. ನಮ್ಮ ಠಾಣಾಧಿಕಾರಿ ಹೇಳಿದ್ದು ಒಂದೇ ಮಾತು, ಹಗ್ಗ ಹಿಡಿದವನು ಹೇಳಿದ ಮೇಲೆ ಮುಗೀತು, ಎಳೀರಿ. ನನ್ನನ್ನು ಎಳೆದು ಹಾಕಿದಾಗ ಮುಖವಾಡದ ಪಟ್ಟಿ ಸಡಿಲವಾಗಿ ಆಗಲೇ ನನಗೆ ಮಂಪರು ಕವಿದಿತ್ತು. ಎರಡನೇ ಸಲ ಬೇರೊಬ್ಬರು ಇಳಿದು ಇಬ್ಬರನ್ನೂ ತಂದರು. ತಮ್ಮ ಉಳಿದ. ಅಣ್ಣ ಉಳಿಯಲಿಲ್ಲ.

ಇಳಿಯುವ ಮೊದಲು ಮೇಲೆ ಬರುವ ದಾರಿ ಕಟ್ಟಿರಬೇಕು. ನಿಲ್ಲಿಸಿ ಅನ್ನುವ ಅಧಿಕಾರ ಕಣ್ಣಿಟ್ಟು ನೋಡುತ್ತಿರುವವನ ಕೈಲಿರಬೇಕು, ಅವನು ಎಷ್ಟೇ ಚಿಕ್ಕವನಾಗಿರಲಿ. ಗಗನಯಾನದ ಬಗ್ಗೆ ನಾನು ಹೇಳಬೇಕಾಗಿರುವುದು ಇಷ್ಟೇ, ಉಳಿದದ್ದೆಲ್ಲ ಇದಕ್ಕೆ ಕೊಡುವ ಉದಾಹರಣೆ.

1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಒಕ್ಕೂಟದ ಬೈಕನೂರಿನಲ್ಲಿ ನಡೆದದ್ದನ್ನು ನೋಡಿ. ಸೋಯುಜ್ ರಾಕೆಟ್ ಹಾರಲು ಸುಮಾರು ಒಂದೂವರೆ ನಿಮಿಷ ಇರುವಾಗ ಇಂಧನ ಸೋರಿ ಬುಡಕ್ಕೆ ಬೆಂಕಿ ಹತ್ತಿತು. ತುದಿಯಲ್ಲಿ ವ್ಲಾದಿಮಿರ್ ಟಿಟೋವ್ ಮತ್ತು ಗೆನ್ನಡಿ ಸ್ಟ್ರೆಕಾಲೊವ್ ಕೂತಿದ್ದರು. ಬೆಂಕಿಗೆ ವೈರುಗಳು ಸುಟ್ಟುಹೋದವು. ಅವರು ಕೂತಿದ್ದ ಕೋಶವನ್ನು ಎಳೆದುಕೊಂಡು ಹಾರುವ ಸಣ್ಣ ರಾಕೆಟ್ ನೆತ್ತಿಯ ಮೇಲೇ ಇತ್ತು, ಆದರೆ ಅದನ್ನು ಹೊತ್ತಿಸುವ ಗುಂಡಿ ಒಳಗಿದ್ದವರ ಕೈಯಲ್ಲಿ ಇರಲಿಲ್ಲ. ನೆಲದ ಮೇಲಿದ್ದ ಇಬ್ಬರು ಬೇರೆ ಬೇರೆ ಕಡೆಯಿಂದ ರೇಡಿಯೊ ಮೂಲಕ ಆಜ್ಞೆ ಕೊಡಬೇಕಿತ್ತು, ಇಬ್ಬರೂ ಕೊಟ್ಟರೆ ಮಾತ್ರ ಅದು ಹೊತ್ತುತ್ತಿತ್ತು. ಕೊಟ್ಟರು. ಬೆಂಕಿ ಕಂಡು ಸುಮಾರು 20 ಸೆಕೆಂಡಿಗೆ ಕೋಶ ಹಾರಿತು, ಮುಂದಿನ ಕೆಲವೇ ಸೆಕೆಂಡಿನಲ್ಲಿ ರಾಕೆಟ್ ಕುಸಿದು ಸಿಡಿಯಿತು. ಒಳಗಿದ್ದವರ ಮೈಮೇಲೆ ಅವರ ತೂಕದ 14ರಿಂದ 17 ಪಟ್ಟು ಭಾರ ಬಿತ್ತು. ನಾಲ್ಕು ಕಿಲೋಮೀಟರು ದೂರ ಪ್ಯಾರಾಚೂಟಿನಲ್ಲಿ ಇಳಿದರು, ಬದುಕಿದರು.

ಇದು ನಮಗೆ ಸಂಬಂಧವಿಲ್ಲದ ಕತೆ ಅಂತ ತಿಳಿಯಬೇಡಿ. ಆರು ತಿಂಗಳ ನಂತರ, 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹೋದರಲ್ಲ, ಅವರ ಪಕ್ಕದ ಸೀಟಿನಲ್ಲಿ ಇದ್ದದ್ದು ಇದೇ ಸ್ಟ್ರೆಕಾಲೊವ್. ಅಂಥ ಬೆಂಕಿಯಿಂದ ಪಾರಾದವನು ಆರೇ ತಿಂಗಳಿಗೆ ಮತ್ತೆ ಅದೇ ಥರದ ರಾಕೆಟ್ ಹತ್ತಿದ. ಪಾರಾಗುವ ದಾರಿ ಕೆಲಸ ಮಾಡುತ್ತದೆ ಅಂತ ಮೈಮೇಲೇ ನೋಡಿದವನು ಅವನು. ಸುರಕ್ಷತೆ ಜಾಸ್ತಿಯಾದರೆ ಧೈರ್ಯ ಕಡಿಮೆಯಾಗುತ್ತದೆ ಅನ್ನುವವರು ಇದನ್ನು ಯೋಚನೆ ಮಾಡಬೇಕು.

ಬೆಂಕಿಯ ಮಾತು ಬಂದಮೇಲೆ ಅಮೆರಿಕದ ಅಪೊಲೊ 1 ನೌಕೆಯ ಬಗ್ಗೆ ಹೇಳದೆ ಇರಲಾರೆ. 1967ರ ಜನವರಿ 27. ರಾಕೆಟ್‌ಗೆ ಇಂಧನವನ್ನೇ ತುಂಬಿರಲಿಲ್ಲ, ಸುಮ್ನೆ ಒಂದು ಅಭ್ಯಾಸ. ಆದ್ದರಿಂದ ಅದನ್ನು ಅಪಾಯದ ಕೆಲಸ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೋಶದೊಳಗೆ ಬರೀ ಆಮ್ಲಜನಕ ತುಂಬಿತ್ತು. ಅಂಥ ಗಾಳಿಯಲ್ಲಿ ಒಂದು ಕಿಡಿ ಏನು ಮಾಡುತ್ತದೆ ಅಂತ ನಮ್ಮ ದಳದ ಯಾರನ್ನು ಕೇಳಿದರೂ ಹೇಳುತ್ತಾರೆ. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು, ಬೆಂಕಿಯ ಒತ್ತಡಕ್ಕೆ ಅದು ತೆರೆಯುವಂತೆಯೇ ಇರಲಿಲ್ಲ. ಗಸ್ ಗ್ರಿಸಂ, ಎಡ್ ವೈಟ್, ರೋಜರ್ ಚಾಫಿ ಮೂವರೂ ಒಳಗೇ ತೀರಿಕೊಂಡರು. ಆ ದಿನ ಅಲ್ಲಿ ಅಗ್ನಿಶಾಮಕದವರು, ರಕ್ಷಣಾ ತಂಡದವರು, ವೈದ್ಯರು ಹಾಜರಿರಲಿಲ್ಲ ಅಂತ ತನಿಖಾ ವರದಿಯಲ್ಲಿದೆ. ಅದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಜಿಲ್ಲೆಯ ಒಂದು ಕಲ್ಯಾಣ ಮಂಟಪ ನೆನಪಾಯಿತು. ಅಡುಗೆ ಮನೆಯಲ್ಲಿ ಸಿಲಿಂಡರ್ ಹೊತ್ತಿಕೊಂಡ ದಿನ ಹಿಂದಿನ ಬಾಗಿಲಿಗೆ ಸರಪಳಿ ಹಾಕಿ ಬೀಗ ಜಡಿದಿದ್ದರು. ಕೇಳಿದರೆ, ಪಾತ್ರೆ ಕದಿಯುತ್ತಾರೆ ಸಾರ್ ಅಂದರು. ಅದೃಷ್ಟ, ಆವತ್ತು ಯಾರೂ ಸಾಯಲಿಲ್ಲ. ಅಪೊಲೊ ಬೆಂಕಿಯ ನಂತರ ಅಮೆರಿಕದವರು ಬಾಗಿಲನ್ನು ಹೊರಮುಖ ಮಾಡಿದರು, ಸೆಕೆಂಡುಗಳಲ್ಲಿ ತೆರೆಯುವಂತೆ ಮಾಡಿದರು. ಮೂರು ಜೀವ ಹೋದಮೇಲೆ.

ಇನ್ನು ಚಾಲೆಂಜರ್. ಹಾಸನದವರಿಗೆ ಆ ಹೆಸರಿನ ಜೊತೆ ಒಂದು ನಂಟು ಇದೆ, ಅದು ಈಗಿನ ಹುಡುಗರಿಗೆ ಗೊತ್ತಿಲ್ಲ. ನಮ್ಮ ಎಂಸಿಎಫ್ ಶುರುವಾದದ್ದು 1982ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ಇಂಧನ ಖಾಲಿಯಾಗಿ ಕೈಬಿಟ್ಟುಹೋಯಿತು. ಮರುವರ್ಷ ಆಗಸ್ಟ್‌ನಲ್ಲಿ ಇನ್‌ಸ್ಯಾಟ್-1ಬಿ ಉಪಗ್ರಹವನ್ನು ಮೇಲಕ್ಕೆ ಒಯ್ದದ್ದು ಅಮೆರಿಕದ ಶಟಲ್, ಅಂದರೆ ಹೋಗಿ ವಾಪಸ್ ಬರುವ ರೆಕ್ಕೆಯ ನೌಕೆ, ಚಾಲೆಂಜರ್. ಅದರ ಸೌರ ಫಲಕ ಬಿಚ್ಚಿಕೊಳ್ಳದೆ ಹಟ ಹಿಡಿದಾಗ ಅಮೆರಿಕದ ಕಂಪನಿಯವರೂ ನಮ್ಮ ಹಾಸನದ ಕೇಂದ್ರದವರೂ ಸೇರಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಬಿಚ್ಚಿಸಿದರು. ಆಮೇಲೆ ಊರೂರಿಗೆ ಟಿವಿ ಬಂದದ್ದೇ ಅದರಿಂದ. ಇನ್‌ಸ್ಯಾಟ್-1ಸಿ ಜೊತೆ ಶಟಲ್‌ನಲ್ಲಿ ಹೋಗಲು ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಆಯ್ಕೆಯಾಗಿದ್ದರು. ಹೋಗಲಿಲ್ಲ. ಕಾರಣ, 1986ರ ಜನವರಿ 28ರಂದು ಅದೇ ಚಾಲೆಂಜರ್ ಹಾರಿದ 73 ಸೆಕೆಂಡಿಗೆ ಚೂರಾಯಿತು. ಏಳು ಜನ ಹೋದರು.

ಕಾರಣ ಏನು? ಒಂದು ರಬ್ಬರ್ ಉಂಗುರ. ನಮ್ಮ ಹೋಸ್ ಪೈಪಿನ ಜೋಡಣೆಯಲ್ಲಿ ವಾಷರ್ ಇರುತ್ತದಲ್ಲ, ಅದೇ ಕೆಲಸ ಅದರದ್ದು. ಚಳಿಗೆ ರಬ್ಬರ್ ಗಟ್ಟಿಯಾಗಿ ಸಂದು ಮುಚ್ಚಲಿಲ್ಲ, ಬಿಸಿ ಅನಿಲ ನುಗ್ಗಿತು. ಆ ರಾಕೆಟ್ ಭಾಗ ಮಾಡಿದ ಕಂಪನಿಯ ಎಂಜಿನಿಯರುಗಳು, ಅವರಲ್ಲಿ ರೋಜರ್ ಬೋಯ್ಸ್‌ಜೋಲಿ ಒಬ್ಬರು, ಹಿಂದಿನ ರಾತ್ರಿಯೇ ಫೋನಿನಲ್ಲಿ ನಾಸಾದವರಿಗೆ ಈ ಚಳಿಯಲ್ಲಿ ಹಾರಿಸಬೇಡಿ ಅಂತ ಹೇಳಿದ್ದರು. ಅವರ ಮೇಲಿನವರು ಮೊದಲು ಅವರ ಜೊತೆ ನಿಂತು, ಆಮೇಲೆ ಒತ್ತಡಕ್ಕೆ ಬಗ್ಗಿ ಹಾರಿಸಬಹುದು ಅಂದರು. ಆ ರಾತ್ರಿಯ ಮಾತು ನೌಕೆ ಹತ್ತುವವರ ಕಿವಿಗೆ ಬೀಳಲೇ ಇಲ್ಲ. ಈಗ ನಿಮ್ಮ ಪತ್ರಲೇಖಕರನ್ನು ಕೇಳುತ್ತೇನೆ, ಅಪಾಯ ಗೊತ್ತಿದ್ದೇ ಹೋಗುತ್ತಾರೆ ಅಂದಿರಲ್ಲ, ಅವರಿಗೆ ಯಾವ ಅಪಾಯ ಗೊತ್ತಿತ್ತು? ರಾಕೆಟ್ ಅಂದರೆ ಅಪಾಯ ಅಂತ ಗೊತ್ತಿತ್ತು. ನಾಳೆ ಬೆಳಗಿನ ಚಳಿಗೆ ಈ ಉಂಗುರ ಕೈಕೊಡಬಹುದು ಅನ್ನುವುದು ಬೇರೆಯವರಿಗೆ ಗೊತ್ತಿತ್ತು. ಸೈನಿಕನನ್ನು ಶತ್ರುವಿನ ಮುಂದೆ ನಿಲ್ಲಿಸುವುದು ಒಂದು, ಬಿರುಕು ಬಿಟ್ಟ ಬಂದೂಕು ಅಂತ ಗೊತ್ತಿದ್ದೂ ಅವನ ಕೈಗೆ ಕೊಡುವುದು ಇನ್ನೊಂದು.

ಆ ನೌಕೆಯಲ್ಲಿ ಪಾರಾಗುವ ರಾಕೆಟ್ಟೇ ಇರಲಿಲ್ಲ. ಶಟಲ್‌ನ ಮೊದಲ ನಾಲ್ಕು ಹಾರಾಟಗಳಲ್ಲಿ ಇಬ್ಬರೇ ಹೋಗುತ್ತಿದ್ದಾಗ ಹೊರಗೆ ಚಿಮ್ಮುವ ಸೀಟುಗಳಿದ್ದವು, ಜನ ಜಾಸ್ತಿಯಾದಾಗ ತೆಗೆದುಬಿಟ್ಟರು. ಚೂರಾದ ಮೇಲೂ ಸಿಬ್ಬಂದಿ ಕೂತಿದ್ದ ಕ್ಯಾಬಿನ್ ಬಹುಪಾಲು ಇಡಿಯಾಗೇ ಇತ್ತು. ಸಮುದ್ರಕ್ಕೆ ಬೀಳಲು ಎರಡೂಮುಕ್ಕಾಲು ನಿಮಿಷ ಹಿಡಿಯಿತು. ಆಮೇಲೆ ಸಿಕ್ಕಿದ ತುರ್ತು ಗಾಳಿ ಪೊಟ್ಟಣಗಳಲ್ಲಿ ಮೂರನ್ನು ಯಾರೋ ತೆರೆದಿದ್ದರು. ಅಂದರೆ ಒಳಗೆ ಕೆಲವರಾದರೂ ಕೆಲವು ಕ್ಷಣ ಜೀವಂತ ಇದ್ದರು, ಬದುಕಲು ನೋಡುತ್ತಿದ್ದರು. ಈ ಸಾಲು ಬರೆಯುವಾಗಲೂ ನನಗೆ ಕಷ್ಟವಾಗುತ್ತದೆ. ಎರಡೂಮುಕ್ಕಾಲು ನಿಮಿಷ ಅಂದರೆ ನಮ್ಮ ಕೆಲಸದಲ್ಲಿ ತುಂಬಾ ಹೊತ್ತು.

ಪಾರ್ಕಿನ ಚರ್ಚೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹೇಳಿದರು, ನೆಲದ ಹತ್ತಿರ ಇದ್ದರೆ ಸರಿ, ಕಕ್ಷೆಗೆ ಹೋದಮೇಲೆ ಯಾರು ಬಂದು ಕಾಪಾಡುತ್ತಾರೆ, ಅಲ್ಲಿ ಕೆಟ್ಟರೆ ಮುಗಿದ ಹಾಗೆ, ಅದರ ಬಗ್ಗೆ ತಲೆ ಕೆಡಿಸಿಕೊಂಡು ಏನು ಉಪಯೋಗ ಎಂದು. ಒಳ್ಳೆಯ ಮನುಷ್ಯರು, ನನಗೆ ಅವರ ಮೇಲೆ ಗೌರವ ಇದೆ. ಆದರೆ ಕೊಲಂಬಿಯಾ ವಿಷಯದಲ್ಲಿ ನಾಸಾದವರು ಮಾಡಿದ ತಪ್ಪು ಈ ಯೋಚನೆಯೇ.

2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಹಾರಿತು. ಹಾರಿದ 82ನೇ ಸೆಕೆಂಡಿಗೆ ಟ್ಯಾಂಕಿನಿಂದ ಫೋಮ್ ತುಂಡೊಂದು ಕಿತ್ತು ಬಂದು ಎಡ ರೆಕ್ಕೆಗೆ ಬಡಿಯಿತು. ಕ್ಯಾಮೆರಾದಲ್ಲಿ ಅದು ಕಂಡಿತು. ಕೆಳಗಿನ ಹಂತದ ಎಂಜಿನಿಯರುಗಳು ರೆಕ್ಕೆಯ ಚಿತ್ರ ತೆಗೆಸಿ, ಸೇನೆಯ ಉಪಗ್ರಹ ಕ್ಯಾಮೆರಾ ಬಳಸಿ ನೋಡೋಣ ಅಂತ ಒಂದು ಸಲ ಅಲ್ಲ, ಮೂರು ಸಲ ಕೇಳಿದರು. ಬೇಡ ಅಂತಾಯಿತು. ತೂತು ಇದ್ದರೂ ಏನೂ ಮಾಡಲು ಆಗುವುದಿಲ್ಲ ಅನ್ನುವ ಭಾವನೆಯೂ ಅದರ ಹಿಂದಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ಆ ತೂತಿನಿಂದ ಬಿಸಿ ನುಗ್ಗಿ ನೌಕೆ ಒಡೆದುಹೋಯಿತು, ಏಳು ಜನರೂ ಹೋದರು. ಆಮೇಲೆ ತನಿಖಾ ಮಂಡಳಿ ಲೆಕ್ಕ ಹಾಕಿಸಿ ನೋಡಿತು. ಒಳಗಿದ್ದವರು ಓಡಾಟ ಕಡಿಮೆ ಮಾಡಿ ಮಲಗಿದ್ದರೆ ಫೆಬ್ರವರಿ 15ರ ತನಕ ಗಾಳಿ ಸಾಲುತ್ತಿತ್ತು. ಮಾರ್ಚ್‌ಗೆ ಅಂತ ಸಿದ್ಧವಾಗುತ್ತಿದ್ದ ಅಟ್ಲಾಂಟಿಸ್ ನೌಕೆಯನ್ನು ಹಗಲು ರಾತ್ರಿ ದುಡಿದು ಫೆಬ್ರವರಿ 10ರ ಹೊತ್ತಿಗೆ ಹಾರಿಸಬಹುದಿತ್ತು. ಎರಡು ನೌಕೆ ಹತ್ತಿರ ನಿಂತು ಒಬ್ಬೊಬ್ಬರನ್ನೇ ದಾಟಿಸಬಹುದಿತ್ತು. ಕಷ್ಟವೇ, ದೊಡ್ಡ ಅಪಾಯವೇ. ಆದರೆ ಆಗದ ಕೆಲಸ ಆಗಿರಲಿಲ್ಲ.

ಅಂದರೆ ಲಾಟೀನನ್ನೇ ಬಾವಿಗೆ ಇಳಿಬಿಡಲಿಲ್ಲ. ನೋಡಿದರೆ ಏನಾದರೂ ಮಾಡಬೇಕಾಗುತ್ತಲ್ಲ ಅಂತ ನೋಡಲೇ ಇಲ್ಲ. ಕಲ್ಪನಾ ಚಾವ್ಲಾ ಹೆಸರನ್ನು ಶಾಲೆಗೆ, ರಸ್ತೆಗೆ ಇಡುತ್ತೇವೆ, ಇಡಲಿ. ಆದರೆ ಅವರು ಹೇಗೆ ಹೋದರು, ಆ 16 ದಿನಗಳಲ್ಲಿ ಕೆಳಗೆ ಯಾರು ಏನು ಕೇಳಿದರು, ಯಾರು ಬೇಡ ಅಂದರು ಅನ್ನುವುದನ್ನೂ ಶಾಲೆಯ ಮಕ್ಕಳಿಗೆ ಹೇಳಬೇಕು.

ಅಮೆರಿಕದವರು ಇದರಿಂದ ಕಲಿತರು. ಆ ದುರಂತದ ನಂತರ, 2009ರ ಮೇ ತಿಂಗಳಲ್ಲಿ ಹಬಲ್ ದೂರದರ್ಶಕ ರಿಪೇರಿಗೆ ಅಟ್ಲಾಂಟಿಸ್ ಹೊರಟಾಗ ಪಕ್ಕದ ಕಟ್ಟೆಯ ಮೇಲೆ ಎಂಡೆವರ್ ನೌಕೆಯನ್ನು ಕಾಪಾಡಲಿಕ್ಕೆಂದೇ ತಯಾರು ನಿಲ್ಲಿಸಿದ್ದರು. ಹಾಗೆ ನೋಡಿದರೆ 1973ರಲ್ಲೇ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದವರ ನೌಕೆ ಸೋರಿದಾಗ ಐದು ಸೀಟಿನ ಅಪೊಲೊ ಒಂದನ್ನು ಸಿದ್ಧ ಮಾಡಿದ್ದರು, ಕೊನೆಗೆ ಬೇಕಾಗಲಿಲ್ಲ ಅಷ್ಟೆ. 2022ರ ಡಿಸೆಂಬರ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಕಟ್ಟಿಕೊಂಡಿದ್ದ ಸೋಯುಜ್‌ನ ತಂಪುಗೊಳಿಸುವ ದ್ರವ ಸೋರಿಹೋಯಿತು. ರಷ್ಯಾದವರು ಫೆಬ್ರವರಿಯಲ್ಲಿ ಖಾಲಿ ನೌಕೆ ಕಳಿಸಿದರು. ಅದು ಬರುವ ತನಕ ತುರ್ತು ಬಂದರೆ ಏನು ಮಾಡುವುದು? ಆ ಸೋಯುಜ್‌ನಲ್ಲಿ ಹೋಗಿದ್ದ ಫ್ರಾಂಕ್ ರೂಬಿಯೊ ಅನ್ನುವವರ ಸೀಟಿನ ಹಾಸನ್ನು ಬಿಚ್ಚಿ ಪಕ್ಕದಲ್ಲಿದ್ದ ಡ್ರ್ಯಾಗನ್ ನೌಕೆಯಲ್ಲಿ ಹಾಸಿಟ್ಟರು. ನನಗೆ ಈ ಕೆಲಸ ತುಂಬಾ ಇಷ್ಟವಾಯಿತು. ದೊಡ್ಡ ಯಂತ್ರವೇನಲ್ಲ, ಒಂದು ಹಾಸು. ಆದರೆ ಒಬ್ಬ ಮನುಷ್ಯನೂ ದಾರಿ ಇಲ್ಲದೆ ಇರಬಾರದು ಅಂತ ಯಾರೋ ಕೂತು ಲೆಕ್ಕ ಹಾಕಿದ್ದಾರೆ.

ಸುನೀತಾ ವಿಲಿಯಮ್ಸ್ ವಿಷಯ ಎಲ್ಲರಿಗೂ ಗೊತ್ತು. 2024ರ ಜೂನ್‌ನಲ್ಲಿ ಬುಚ್ ವಿಲ್ಮೋರ್ ಜೊತೆ ಬಾಹ್ಯಾಕಾಶ ನಿಲ್ದಾಣಕ್ಕೆ ಎಂಟು ದಿನಕ್ಕೆ ಅಂತ ಹೋದರು, 286 ದಿನ ಇದ್ದು ಬಂದರು. ಸಿಕ್ಕಿಹಾಕಿಕೊಂಡರು ಅಂತ ನಮ್ಮ ಟಿವಿಗಳು ದಿನವೂ ಕೂಗಿದವು. ನಿಜವಾಗಿ ನಡೆದದ್ದು ಏನೆಂದರೆ ಅವರು ಹೋಗಿದ್ದ ನೌಕೆ ಸ್ಟಾರ್‌ಲೈನರ್‌ನ ಮೇಲೆ ಅನುಮಾನ ಬಂತು, ಅದರಲ್ಲಿ ಕೂರಿಸುವುದು ಬೇಡ ಅಂತ ತೀರ್ಮಾನಿಸಿ ಖಾಲಿಯಾಗಿ ಕೆಳಗೆ ಕಳಿಸಿದರು. ಅದು ಸೆಪ್ಟೆಂಬರ್ 7ರಂದು ಸರಿಯಾಗೇ ಇಳಿಯಿತು. ಆಗ ಕೆಲವರು ಅಂದರು, ನೋಡಿ ಅದರಲ್ಲೇ ಬರಬಹುದಿತ್ತು. ನಾನು ಒಪ್ಪುವುದಿಲ್ಲ. ಹಗ್ಗ ಎಳೆದ ಮೇಲೆ, ಎಳೆಯದಿದ್ದರೂ ನಡೀತಿತ್ತು ಅನ್ನುವುದು ಸುಲಭ. ಆಮೇಲೆ ಎರಡು ಸೀಟು ಖಾಲಿ ಇಟ್ಟುಕೊಂಡು ಅವರನ್ನು ಕರೆತರಲು ಹೋದವರಲ್ಲಿ ಒಬ್ಬರು ನಿಕ್ ಹೇಗ್. 2018ರ ಅಕ್ಟೋಬರ್ 11ರಂದು ಸೋಯುಜ್ ರಾಕೆಟ್ ಎರಡು ನಿಮಿಷಕ್ಕೆ ಮುರಿದಾಗ ಪಾರಾಗುವ ವ್ಯವಸ್ಥೆಯಿಂದ ಬದುಕಿ ಬಂದವರು ಅದೇ ಹೇಗ್. ತಾನು ಒಮ್ಮೆ ಪಾರಾಗಿ ಬಂದವನು ಇನ್ನಿಬ್ಬರಿಗೆ ಸೀಟು ತೆಗೆದುಕೊಂಡು ಹೋದ. ಚೀನಾದವರಿಗೂ 2025ರ ನವೆಂಬರ್‌ನಲ್ಲಿ ಇಂಥದ್ದೇ ಆಯಿತು, ಶೆಂಝೌ-20ರ ಕಿಟಕಿಯಲ್ಲಿ ಬಿರುಕು ಕಂಡಿತು, ಅವರನ್ನು ಇನ್ನೊಂದು ನೌಕೆಯಲ್ಲಿ ಇಳಿಸಿ, ಮೇಲೆ ಉಳಿದವರಿಗೆ ಅದೇ ತಿಂಗಳು 25ಕ್ಕೆ ಖಾಲಿ ನೌಕೆ ಕಳಿಸಿದರು.

ಇವೆಲ್ಲ ನಡೆದದ್ದು ನಿಲ್ದಾಣ ಇದ್ದದ್ದರಿಂದ, ಕಾಯಲು ಜಾಗ ಇದ್ದದ್ದರಿಂದ. ನಮ್ಮ ಗಗನಯಾನಕ್ಕೆ ಅದಿಲ್ಲ. ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಮೂರು ದಿನ, ಒಂದೇ ಕೋಶ. ಮೂರು ದಿನದಲ್ಲಿ ಇನ್ನೊಂದು ರಾಕೆಟ್ ಎಬ್ಬಿಸಿ ನಿಲ್ಲಿಸುವುದು ಆಗದ ಮಾತು. ಬೇರೆ ದೇಶದವರು ಬರಲಿ ಅಂದರೆ, 1968ರ ಗಗನಯಾತ್ರಿ ರಕ್ಷಣಾ ಒಪ್ಪಂದದಲ್ಲಿ ಮುಖ್ಯವಾಗಿ ಇರುವುದು ಕೆಳಗೆ ಇಳಿದವರನ್ನು ಹುಡುಕಿ ಕಾಪಾಡಿ ಅವರ ದೇಶಕ್ಕೆ ಒಪ್ಪಿಸುವ ಮಾತು, ಮೇಲಕ್ಕೆ ನೌಕೆ ಕಳಿಸಲೇಬೇಕು ಅಂತ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಕಕ್ಷೆಯ ಓರೆ ಬೇರೆಯಾದರೆ ಹತ್ತಿರದ ನೌಕೆಯೂ ತಲುಪಲಾರದು, ಅಷ್ಟು ಇಂಧನ ಯಾರ ಹತ್ತಿರವೂ ಇರುವುದಿಲ್ಲ. ಕೊಲಂಬಿಯಾಕ್ಕೂ ಹಾಗೇ, ನಿಲ್ದಾಣ ಮೇಲೇ ಇತ್ತು, ಆದರೆ ಅಲ್ಲಿಗೆ ಹೋಗುವ ಶಕ್ತಿ ಇರಲಿಲ್ಲ.

ಹಾಗಾದರೆ ನಮ್ಮವರಿಗೆ ಇರುವ ರಕ್ಷಣೆ ಏನು? ಏರುವಾಗ ಪಾರಾಗುವ ವ್ಯವಸ್ಥೆ, ಮೇಲಿದ್ದಾಗ ಬೇಗ ಇಳಿದುಬಿಡುವುದು, ಇಳಿದಮೇಲೆ ನೌಕಾಪಡೆ. ಅದಕ್ಕೇ ಪರೀಕ್ಷೆ ಮೇಲೆ ಪರೀಕ್ಷೆ. ನಮ್ಮ ಎಲ್‌ವಿಎಂ3 ರಾಕೆಟ್ಟಿನ ಎರಡು ಪಕ್ಕದಲ್ಲಿ ಘನ ಇಂಧನದ ದೊಡ್ಡ ಬೂಸ್ಟರುಗಳಿವೆ. ಒಮ್ಮೆ ಹೊತ್ತಿಸಿದರೆ ಆರಿಸಲು ಬರುವುದಿಲ್ಲ. ಆರಿಸಲಾಗದ ಬೆಂಕಿಯ ಮೇಲೆ ಮನುಷ್ಯರನ್ನು ಕೂರಿಸುವಾಗ ಅವರನ್ನು ಎಳೆದುಕೊಂಡು ಓಡುವ ರಾಕೆಟ್ ಎಷ್ಟು ಗಟ್ಟಿ ಇರಬೇಕು ಯೋಚನೆ ಮಾಡಿ. 2018ರ ಜುಲೈ 5ರಂದು ಶ್ರೀಹರಿಕೋಟಾದಲ್ಲಿ ಅದನ್ನು ನೆಲದಿಂದಲೇ ಹಾರಿಸಿ ನೋಡಿದರು. 2023ರ ಅಕ್ಟೋಬರ್ 21ರಂದು ಸಣ್ಣ ರಾಕೆಟ್ ಮೇಲೆ ಕೂರಿಸಿ ಹಾರುವಾಗಲೇ ಬೇರ್ಪಡಿಸಿ ಸಮುದ್ರಕ್ಕೆ ಇಳಿಸಿದರು. ಕೋಶದಲ್ಲಿ ಚಿಕ್ಕವು ದೊಡ್ಡವು ಸೇರಿ 10 ಪ್ಯಾರಾಚೂಟು, ಕೊನೆಯ ಮೂರು ದೊಡ್ಡವುಗಳಲ್ಲಿ ಎರಡು ಅರಳಿದರೂ ಸಾಕು. 2025ರ ಆಗಸ್ಟ್ 24ರಂದು ಹೆಲಿಕಾಪ್ಟರಿನಿಂದ ಕೋಶವನ್ನು ಬೀಳಿಸಿ ಅದನ್ನೂ ನೋಡಿದರು. 1967ರಲ್ಲಿ ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಕೊಮರೊವ್ ಸತ್ತದ್ದು ಪ್ಯಾರಾಚೂಟು ಅರಳದೆ. ಈ ಒಂದೊಂದು ಪರೀಕ್ಷೆಗೂ ತಿಂಗಳುಗಳು ಹಿಡಿಯುತ್ತವೆ, ಹಿಡಿಯಲಿ. ಹಾಸನಾಂಬೆ ದರ್ಶನದ ಬಂದೋಬಸ್ತಿಗೆ ಹೋದಾಗ ನಾವು ಮೊದಲು ನೋಡುತ್ತಿದ್ದದ್ದು ಜನ ಒಳಗೆ ಬರುವ ದಾರಿ ಅಲ್ಲ, ನೂಕುನುಗ್ಗಲಾದರೆ ಹೊರಗೆ ಹೋಗುವ ದಾರಿ.

ಇಸ್ರೋದವರು ನಿಲ್ಲಿಸಿ ಅನ್ನಲು ಹೆದರುವುದಿಲ್ಲ ಅನ್ನುವುದಕ್ಕೆ ನನ್ನ ಮನಸ್ಸಿನಲ್ಲಿ ಒಂದು ಉದಾಹರಣೆ ಇದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಮೆರಿಕದ ರಾಕೆಟ್‌ನಲ್ಲಿ ಹೊರಟಿದ್ದರು. ಆ ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಗೊತ್ತಾದಾಗ ಪೂರ್ತಿ ಸರಿ ಮಾಡಿ, ಪರೀಕ್ಷೆ ಮಾಡಿ ತೋರಿಸಿ, ಆಮೇಲೆ ನಮ್ಮ ಹುಡುಗನನ್ನು ಕೂರಿಸಿ ಅಂತ ಅಧ್ಯಕ್ಷ ವಿ. ನಾರಾಯಣನ್ ಮತ್ತು ತಂಡ ಪಟ್ಟು ಹಿಡಿಯಿತು. ಬೇರೆಯವರ ರಾಕೆಟ್, ಬೇರೆಯವರ ನೆಲ. ಆದರೂ ಹೇಳಿದರು. 11ಕ್ಕೆ ಇದ್ದ ಹಾರಾಟ 25ಕ್ಕೆ ನಡೆಯಿತು, ಜುಲೈ 15ಕ್ಕೆ ಸುಖವಾಗಿ ಇಳಿದರು.

ಇದೇ ಗಟ್ಟಿತನ ನಮ್ಮದೇ ರಾಕೆಟ್‌ನ ದಿನವೂ ಇರುತ್ತಾ ಅನ್ನುವುದೇ ನನ್ನ ಚಿಂತೆ. ಆವತ್ತು ದೇಶವೆಲ್ಲ ಟಿವಿ ಮುಂದೆ ಕೂತಿರುತ್ತದೆ, ದೊಡ್ಡವರು ಬಂದಿರುತ್ತಾರೆ, ಪಟಾಕಿ ತಂದಿಟ್ಟಿರುತ್ತಾರೆ. ಅಂಥ ಹೊತ್ತಿನಲ್ಲಿ ಒಬ್ಬ ಕಿರಿಯ ಎಂಜಿನಿಯರ್ ತನ್ನ ಪರದೆಯಲ್ಲಿ ಒಂದು ಅಂಕಿ ಸರಿ ಇಲ್ಲ ಅಂತ ಕಂಡರೆ ಅವನ ಅಥವಾ ಅವಳ ಮಾತಿಗೆ ಎಣಿಕೆ ನಿಲ್ಲುತ್ತದಾ? ಇದನ್ನು ಇಸ್ರೋ ಮೊದಲೇ ಜನರಿಗೆ ಬಿಡಿಸಿ ಹೇಳಬೇಕು. ಹಾಗೆಯೇ ಮೂರು ದಿನದ ಪ್ರಯಾಣಕ್ಕೆ ಎಷ್ಟು ದಿನದ ಗಾಳಿ ಇಟ್ಟುಕೊಂಡು ಹೋಗುತ್ತಾರೆ, ಗೊತ್ತು ಮಾಡಿದ ಜಾಗ ಬಿಟ್ಟು ಬೇರೆ ಸಮುದ್ರದಲ್ಲಿ ಇಳಿದರೆ ಹಡಗು ಎಷ್ಟು ಹೊತ್ತಿಗೆ ತಲುಪುತ್ತದೆ, ಮಳೆಗಾಲದ ಅಲೆಯಲ್ಲಿ ಕೋಶದಿಂದ ಮೂವರನ್ನು ಹೊರಗೆ ತೆಗೆಯುವ ಮಾಕ್ ಡ್ರಿಲ್ ಎಷ್ಟು ಸಲ ಆಗಿದೆ, ಇದನ್ನೂ ಹೇಳಲಿ. 2025ರ ಜನವರಿ 16ರಂದು ನಮ್ಮವರು ಎರಡು ಉಪಗ್ರಹಗಳನ್ನು ಮೇಲೆಯೇ ಜೋಡಿಸಿದರಲ್ಲ, ಆ ವಿದ್ಯೆ ಕೈಗೆ ಬಂದಿರುವಾಗ, ಮನುಷ್ಯರು ಹೋಗುವ ಕೋಶಕ್ಕೂ ಬೇರೆ ದೇಶದ ನೌಕೆ ಬಂದು ಕೂಡಿಕೊಳ್ಳುವಂಥ ಬಾಗಿಲು ಯಾವಾಗ ಬರುತ್ತದೆ ಅಂತಲೂ ಕೇಳಬೇಕು. 1975ರಲ್ಲಿ ಶೀತಲ ಸಮರದ ನಡುವೆಯೇ ಅಮೆರಿಕ ಮತ್ತು ಸೋವಿಯತ್ ನೌಕೆಗಳು ಮೇಲೆ ಕೂಡಿಕೊಂಡವು. ಆಪತ್ತಿನಲ್ಲಿ ಒಬ್ಬರನ್ನೊಬ್ಬರು ಕಾಪಾಡಲು ಆಗಬೇಕು ಅನ್ನುವ ಯೋಚನೆ ಅದರ ಹಿಂದಿತ್ತು.

ರೋಬೊ ಸಾಕು ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. ಇಸ್ರೋದ ರೋಬೊ ವ್ಯೋಮಮಿತ್ರ ಮೊದಲು ಹೋಗಲಿ, ಹೋಗಬೇಕು. ಅದು ಬಾವಿಗೆ ಇಳಿಬಿಡುವ ಲಾಟೀನು. ಆದರೆ ಗಗನಯಾನಕ್ಕೆ ಆಯ್ಕೆಯಾದ ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ಈ ನಾಲ್ವರೂ ತಾವಾಗಿ ಮುಂದೆ ಬಂದವರು, ವರ್ಷಗಟ್ಟಲೆ ತಯಾರಾದವರು. ಅವರನ್ನು ತಡೆಯುವುದು ನನ್ನ ಉದ್ದೇಶ ಅಲ್ಲ. ನಾನೂ ಬಾವಿಗೆ ಇಳಿಯಲು ನಾನೇ ಮುಂದೆ ಬಂದವನು.

ಕೊನೆಯದಾಗಿ ನಿಮಗೇ ಒಂದು ಮಾತು ಸಂಪಾದಕರೇ. 2023ರ ಆ ಪರೀಕ್ಷೆಯ ದಿನ ಹಾರಲು 5 ಸೆಕೆಂಡು ಇರುವಾಗ ಕಂಪ್ಯೂಟರ್ ಎಣಿಕೆ ನಿಲ್ಲಿಸಿತು. ನಾನು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಟಿವಿ ನೋಡುತ್ತಿದ್ದೆ. ಅಯ್ಯೋ, ಫೇಲಾಯ್ತು ಅಂತ ಒಬ್ಬರು ಎದ್ದು ಹೋದರು. ಕಾರಣ ಹುಡುಕಿ ಸರಿ ಮಾಡಿ ಬೆಳಗ್ಗೆ 10ಕ್ಕೆ ಹಾರಿಸಿದರು, ಎದ್ದು ಹೋದವರು ಅದನ್ನು ನೋಡಲಿಲ್ಲ. ಮನುಷ್ಯರು ಹೋಗುವ ದಿನ ಹೀಗೆ ಎಣಿಕೆ ನಿಂತರೆ ದಯವಿಟ್ಟು ಹಿನ್ನಡೆ, ವಿಘ್ನ, ಮುಖಭಂಗ ಅಂತ ತಲೆಬರಹ ಹಾಕಬೇಡಿ. ಯಾರು ನಿಲ್ಲಿಸಿದರು, ಏನು ಕಂಡು ನಿಲ್ಲಿಸಿದರು ಅಂತ ಕೇಳಿ ಮೊದಲ ಪುಟದಲ್ಲಿ ಬರೆಯಿರಿ. ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದಿದ್ದ ಆ ಹುಡುಗನ ಹೆಸರು ಆವತ್ತು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಹಾಸನ